ನಾನು ಕಡ್ಡಿ ಗೀರಿದ್ದು ಕಸಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಗಂಡನ ಗಾಡಿಗಳಿಗೆ ನಾನು ಬೆಂಕಿ ಹಚ್ಚಲಿಲ್ಲ. ನಮ್ಮೂರು ಮೈಂದರ್ಗಿಯ ಗಿರಣಿ ಮುಂದೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ನಿಂತವರು ಬೇರೆ ಹೇಳುತ್ತಾರೆ. ಅವರದು ಕೇಳಿದವರು ನನ್ನದೂ ಕೇಳಲಿ.

ಹಚ್ಚುತ್ತೇನೆ ಎಂದು ಹೇಳಿದ್ದು ನಿಜ. ಅವು ಅಂಗಳಕ್ಕೆ ಬಂದ ಹೊಸದರಲ್ಲಿ ಶುರು ಮಾಡಿದವಳು, ಅವರು ತೀರಿಕೊಳ್ಳುವ ತನಕ ಹೇಳಿದೆ. "ಒಂದಿನ ಕಡ್ಡಿ ಗೀರಿ ಒಗೀತೀನಿ, ನೋಡ್ರಿ." ಗಿರಣಿಯಲ್ಲಿ ಹೇಳಿದ್ದೇನೆ, ನಳದ ಮುಂದೆ ಹೇಳಿದ್ದೇನೆ, ಮಠದಲ್ಲಿ ಪಂಕ್ತಿಗೆ ಕೂತಾಗಲೂ ಹೇಳಿದ್ದೇನೆ. ಆದರೆ ಬಾಯಿಯ ಕೆಲಸ ಬೇರೆ, ಕೈಯ ಕೆಲಸ ಬೇರೆ. ಪಕ್ಕದ ಮನೆಯ ಸುಗಲಾಬಾಯಿ ಅತ್ತೆಯನ್ನು ಬಾವಿಗೆ ದೂಡುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಆ ಅತ್ತೆ ಮೊಮ್ಮಕ್ಕಳ ಮಕ್ಕಳನ್ನು ಆಡಿಸಿ, ತುಪ್ಪ ಹಾಕಿದ ಹುಗ್ಗಿ ಉಂಡು, ಹಾಸಿಗೆಯಲ್ಲೇ ಸುಖವಾಗಿ ಹೋದಳು. ಸುಗಲಾಬಾಯಿಯನ್ನು ಯಾರೂ ಏನೂ ಕೇಳಲಿಲ್ಲ. ಈ ಅನ್ಯಾಯ ನನಗೊಬ್ಬಳಿಗೇ.

ನಮ್ಮವರು ಸೋಲಾಪುರ ಸ್ಟೇಷನ್ನಿನಿಂದ ಅಕ್ಕಲಕೋಟೆಗೆ ಭಕ್ತರನ್ನು ಕರೆದೊಯ್ಯುವ ಟ್ಯಾಕ್ಸಿ ಓಡಿಸುತ್ತಿದ್ದರು. (ಅವರ ಹೆಸರು ಗ್ಯಾರೇಜಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. ಬೇಕಾದವರು ಹೋಗಿ ಓದಿಕೊಳ್ಳಿ. ಲಗ್ನದಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ.) ಆಮೇಲೆ ಹೊಸ ಹೊಸ ಗಾಡಿಗಳು ಬಂದವು. ಅಂಬಾಸಿಡರ್ ಹತ್ತಲು ಯಾರೂ ಒಲ್ಲೆ ಎನ್ನತೊಡಗಿದರು. ಇವರು ಅದನ್ನು ಮನೆಗೆ ತಂದು ನಿಲ್ಲಿಸಿದರು. "ಮುಪ್ಪಾದ ಎತ್ತು ಕಸಾಯಿಗೆ ಕೊಡ್ತೀವೇನು?" ಎಂದರು. ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪಾಯಿತು. ಅಕ್ಕಲಕೋಟೆಯ ಡಾಕ್ಟರು ಬೇಡವೆಂದ ಕರಿ ಫಿಯೆಟ್ ಬಂತು. ಅದರ ಹಿಂದೆ ಯಾವನೋ ಗುತ್ತಿಗೆದಾರನ ಜೀಪು ಬಂತು, ಅದಕ್ಕೆ ಮೇಲೆ ಛತ್ತೂ ಇರಲಿಲ್ಲ. ಎತ್ತು ಸಗಣಿಯನ್ನಾದರೂ ಹಾಕುತ್ತದೆ, ಇವು ಅಂಗಳದ ತುಂಬ ಎಣ್ಣೆ ಸೋರಿಸುತ್ತವೆ.

"ಅಂಗಳದಾಗ ಅವು ಇರಬೇಕು, ಇಲ್ಲಾ ನಾ ಇರಬೇಕು," ಎಂದೆ.

ಅವರು ಸ್ವಲ್ಪ ಹೊತ್ತು ವಿಚಾರ ಮಾಡಿದರು. (ಆ ವಿಚಾರ ಮಾಡಿದ್ದು ನನಗೆ ಇವತ್ತಿಗೂ ಸೇರಿಲ್ಲ.) ಆಮೇಲೆ ಮನೆಯ ಎದುರಿನ ದಿಬ್ಬದ ಮೇಲೆ ತಗಡಿನ ದೊಡ್ಡ ಕೋಣೆ ಎಬ್ಬಿಸಿದರು. ಅವರು ಅದಕ್ಕೆ ಗ್ಯಾರೇಜು ಎಂದರು. ನಾನು ಸವತಿಯರ ವಾಡೆ ಎಂದೆ. ಮೂರೂ ಗಾಡಿಗಳನ್ನು ಮುಖ ಹೊರಗೆ ಮಾಡಿ ನಿಲ್ಲಿಸುತ್ತಿದ್ದರು. ಯಾಕೆ ಎಂದರೆ, "ಮನಿ ಕಾಣಸ್ತಿರಲಿ ಅವಕ್ಕ," ಎನ್ನುತ್ತಿದ್ದರು.

ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಮೊದಲು ದಿಬ್ಬ ಹತ್ತುವುದು, ಆಮೇಲೆ ಚಹಾ. ಒರೆಸಲು ನನ್ನ ಹಳೆಯ ಸೀರೆ. ಒಂದು ಚಳಿಗಾಲದಲ್ಲಿ ನಾನು ಅವರಿಗೆಂದು ಕೌದಿ ಹೊಲಿದೆ. ತವರಿನಿಂದ ತಂದ ಇಳಕಲ್ ಸೀರೆಯನ್ನು ನಡುವೆ ಇಟ್ಟು, ಕಣ್ಣು ಹರಿಯುವಂತೆ ಸಣ್ಣ ಹೊಲಿಗೆ ಹಾಕಿದೆ. ಮರುದಿನ ನೋಡಿದರೆ ಕೌದಿ ಅಂಬಾಸಿಡರಿನ ಮೈಮೇಲೆ.

"ಕಬ್ಬಿಣಕ್ಕ ಥಂಡಿ ಹತ್ತತೈತೇನ್ರಿ?"

"ವಯಸ್ಸಾದಾಕಿ. ಇರ್ಲಿ ಬಿಡು."

ಸಿಟ್ಟಿಗೆ ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಗಂಟಲು ಕಟ್ಟಿದೆ ಎಂದು ತಿಳಿದು ಶುಂಠಿ, ಮೆಣಸು ಕುದಿಸಿ ಕಾಢಾ ಮಾಡಿ ತಂದರು. ಅಂಥ ಗಂಡನ ಜೊತೆ ಜಗಳ ಮಾಡುವುದು ಹೇಗೆ?

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಗಾಡಿಗಳು ಉಳಿದವು. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಬೀಗದ ಕೈಯನ್ನು ಅವರ ಟೊಪ್ಪಿಗೆಯ ಜೊತೆ ಗೂಟಕ್ಕೆ ಹಾಕಿದೆ. ಆದರೆ ಬಾಗಿಲು ತೆಗೆದರೆ ಎದುರಿಗೇ ದಿಬ್ಬ. ಈಗ ಇಳಿದು ಬರುತ್ತಾರೆ ಅನ್ನಿಸಿ ಇಬ್ಬರ ಚಹಾ ಇಡುತ್ತೇನೆ. ಚೆಲ್ಲಲು ಮನಸ್ಸಾಗದೆ ಎರಡನ್ನೂ ನಾನೇ ಕುಡಿಯುತ್ತೇನೆ. ಪಿತ್ತ ಏರಿತು. ಗಾಡಿಗಳು ಕಣ್ಣ ಮುಂದೆ ಇರುವ ತನಕ ಇದು ನಿಲ್ಲುವುದಿಲ್ಲ, ಮಾರಿಬಿಡುವುದೇ ಸೈ ಎಂದು ಗಟ್ಟಿ ಮಾಡಿದೆ.

ಸೋಲಾಪುರದಲ್ಲಿ ಅಮೋಲ್ ಎಂಬ ಹುಡುಗ ಹಳೆಯ ಗಾಡಿಗಳನ್ನು ಥಳಥಳ ಮಾಡಿ ಬಾಡಿಗೆ ಕೊಡುತ್ತಾನೆ. ಲಗ್ನ ಆಗುವ ಹುಡುಗ ಹುಡುಗಿ ಅದಕ್ಕೆ ಆತು ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. (ಲಗ್ನ ಆಗುವ ಮೊದಲೇ.) ಅವನಿಗೆ ಫೋನ್ ಹಚ್ಚಿಸಿದೆ.

"ಕಾಕೂ, ಟೆನ್ಶನ್ ಘೇಊ ನಕಾ, ಕಾಳಜಿ ಬ್ಯಾಡ. ಶನಿವಾರ ಬರ್ತೀನಿ. ಗಾಡಿ ಎಕದಮ್ ಚಕಾಚಕ್ ಇಡ್ರಿ."

ಮೈದುನ ಸಿದ್ರಾಮನಿಗೆ ಬೀಗದ ಕೈ ಕೊಟ್ಟು ಟೈರಿಗೆ ಗಾಳಿ ತುಂಬಿಸಲು ಹೇಳಿದೆ. ನಾನು ಒಳಗೆ ಕಾಲಿಡಲಿಲ್ಲ. ಅವನು ಬೀಗ ಹಾಕಿ ಕೈ ತಂದುಕೊಟ್ಟ. ಶನಿವಾರ ಬೆಳಿಗ್ಗೆ ದಿಬ್ಬಕ್ಕೆ ಹೋದರೆ ಗ್ಯಾರೇಜಿನ ಮುಂದೆ ಮೊಣಕಾಲುದ್ದ ಒಣ ಹುಲ್ಲು. ಹೆಣ್ಣು ನೋಡಲು ಬರುವವರಿದ್ದರೆ ಅಂಗಳ ಗುಡಿಸುವುದಿಲ್ಲವೇ? ಹುಟ್ಟಿದಾಗಿನಿಂದ ಹೊಲದ ಬದು ಸುಟ್ಟ ಕೈ ನನ್ನದು. ಕಡ್ಡಿ ಗೀರಿದೆ.

ಇದಿಷ್ಟೇ ನಾನು ಮಾಡಿದ್ದು.

ಗಾಳಿ ತಿರುಗಿತು. ಸಂಕ್ರಾಂತಿ ಮುಗಿದು ತೊಗರಿ ರಾಶಿಯಾಗಿತ್ತು. ಸಿದ್ರಾಮ ತೊಗರಿ ಕಟ್ಟಿಗೆಯನ್ನೆಲ್ಲ ಗ್ಯಾರೇಜಿನ ಪಕ್ಕ ಒಟ್ಟಿದ್ದ. ಬೆಂಕಿ ಹುಲ್ಲಿನ ಮೇಲೆ ಓಡಿ ಹೋಗಿ ಆ ಒಟ್ಟಲನ್ನು ಹತ್ತಿತು. ಚಟಚಟ ಎಂದದ್ದೇ ತಡ, ಅರ್ಧ ಓಣಿ ಕೊಡ ಹಿಡಿದು ಬಂತು. ಎಲ್ಲರಿಗಿಂತ ಮುಂದೆ ಸುಗಲಾಬಾಯಿ.

"ಕಡೀಗೂ ಹಚ್ಚಿದೇನ, ಗುರವ್ವ?"

"ಕಸ ಸುಡಾಕತ್ತಿದ್ದೆ."

"ನೀ ಮೊದಲಿಂದ್ಲೂ ಅವಕ್ಕ ಕಸಾನ ಅಂತಿದ್ದಿ ಬಿಡು."

ಸಿದ್ರಾಮ ಓಡಿ ಬಂದ. ಮುಖ ಸಣ್ಣದು ಮಾಡಿಕೊಂಡು ಹೇಳಿದ: "ವೈನಿ, ಅಣ್ಣ ಹೋಗಿ ಇನ್ನಾ ವರ್ಷ ತುಂಬಿಲ್ಲ. ಒಂದು ಮಾತು ಕೇಳಬೇಕಿತ್ತು ನೀವು."

ಅವನಿಗೆ ಉತ್ತರ ಕೊಡಲು ಬಾಯಿ ತೆರೆದೆ. ಆದರೆ ಆಗಲೇ ಗ್ಯಾರೇಜಿನ ತಗಡು ಕಪ್ಪಾಗುತ್ತಿತ್ತು. ಬಾಗಿಲ ಮೇಲಿನ ಹೆಸರಿನ ಕೆಂಪು ಬಣ್ಣ ಗುಳ್ಳೆ ಎದ್ದಿತು. ಮನೆಗೆ ಓಡಿದೆ, ಗೂಟದಿಂದ ಬೀಗದ ಕೈ ತಂದೆ, ಬೀಗ ತೆಗೆದೆ. "ಎಳೀರಿ ಹೊರಗ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಒಳಗೆ ಮೂರೂ ಸಾಲಾಗಿ ನಿಂತಿದ್ದವು. ಅಂಬಾಸಿಡರಿನ ಮೇಲೆ ನನ್ನ ಕೌದಿ. ಸಿದ್ರಾಮ ಅದನ್ನು ಎಳೆದು, ದನದ ತೊಟ್ಟಿಯಲ್ಲಿ ಅದ್ದಿ, ಬೆಂಕಿ ಬಡಿಯುವವರ ಕೈಗೆ ಕೊಟ್ಟ. ನನ್ನ ಇಳಕಲ್ ಸೀರೆ ಬೆಂಕಿಗೆ ಹೋಯಿತು. ಜೀಪನ್ನೂ ಫಿಯೆಟ್ಟನ್ನೂ ಅವನೇ ಸ್ಟೇರಿಂಗ್ ಹಿಡಿದು ಪಕ್ಕದ ಸಮತಟ್ಟಿಗೆ ಇಳಿಸಿದ. ಅಂಬಾಸಿಡರ್ ಮಾತ್ರ ಅಲುಗಲಿಲ್ಲ. ಸಿದ್ರಾಮನೂ ದೂಡಲು ನಿಂತ, ಇದ್ದ ಗಂಡಸರೆಲ್ಲ ಹಿಂದೆ ನಿಂತರು.

"ಒಳಗ ಯಾರರೇ ಕುಂಡರ್ರಿ," ಎಂದು ಕೂಗಿದ.

ದೂಡಲು ನನಗೆ ಕಸುವಿಲ್ಲ. ಕುಂಡ್ರಲು ಏನು ಬೇಕು ಎಂದು ಹತ್ತಿ ಕೂತೆ.

ಕೂತ ಮೇಲೆ ತಿಳಿಯಿತು. ಸೀಟಿನಲ್ಲಿ ಅವರು ಕೂತಲ್ಲಿ ಗುಂಡಿ ಬಿದ್ದಿತ್ತು. ನಾನು ಆ ಗುಂಡಿಯಲ್ಲಿ ಕೂತಿದ್ದೆ. ತಂಬಾಕು, ವಿಭೂತಿ, ಪೆಟ್ರೋಲು, ಮೂರೂ ಕೂಡಿದ ಅವರ ಅಂಗಿಯ ವಾಸನೆ. ಆ ಗಾಡಿಯಲ್ಲಿ ನಾನು ಮುಂದೆ ಕೂತದ್ದು ಒಂದೇ ಸಲ. ಲಗ್ನವಾದ ವರ್ಷ ಅಕ್ಕಲಕೋಟೆಯಲ್ಲಿ ಭಕ್ತರನ್ನು ಇಳಿಸಿ ಖಾಲಿ ಬರುವಾಗ ಮಳೆ ಹತ್ತಿತ್ತು. "ಮುಂದ ಬಾ, ಯಾರೂ ಇಲ್ಲ," ಎಂದಿದ್ದರು. ದಾರಿಯುದ್ದಕ್ಕೂ ಇದು ಗೇರು, ಇದು ಕ್ಲಚ್ಚು, ಇದು ಒತ್ತಿದರೆ ನಿಲ್ಲುತ್ತದೆ ಎಂದು ತೋರಿಸುತ್ತಾ ಬಂದರು. ನಾನು ಹೂಂ ಹೂಂ ಎಂದೆ. ನೋಡಿದ್ದು ಅವರ ಮುಖ. ಕಾಲ ಕೆಳಗೆ ಯಾರು ನೋಡುತ್ತಾರೆ?

ಗಾಡಿ ಅಲುಗಿತು, ಹೊರಗೆ ಬಂತು. ಎಲ್ಲರೂ ಹೋ ಎಂದರು. ಆಮೇಲೆ ಇಳಿಜಾರು ಬಂತು.

"ವೈನಿ, ಬ್ರೇಕ್ ಒತ್ರಿ!"

"ಯಾವುದೋ ಅದು?"

"ನಡುವಿಂದು, ನಡುವಿಂದು!"

ನನ್ನ ಕಾಲು ನಡುವಿನದಕ್ಕೂ ಎಟುಕಲಿಲ್ಲ, ಬದಿಯದಕ್ಕೂ ಎಟುಕಲಿಲ್ಲ. ಗಾಡಿ ಸೀದಾ ಮನೆಯ ಕಡೆ ಹೊರಟಿತು. ದಿನಾ ನೋಡಿದ ದಾರಿ ಅಲ್ಲವೇ ಅದಕ್ಕೆ? ಕೋಳಿಗಳು ಹಾರಿದವು. ನನ್ನ ಬಾಗಿಲು ದೊಡ್ಡದಾಗುತ್ತಾ ಬಂತು. ಆಗ ನಾನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ಒಂದು ಹೆಸರು ಕೂಗಿದೆ. ಯಾವ ಹೆಸರು ಎಂದು ಇಲ್ಲಿ ಬರೆಯುವುದಿಲ್ಲ. ದೇವರದಲ್ಲ.

ಗಾಡಿಯ ಒಂದು ಗಾಲಿ ಬಚ್ಚಲ ನೀರಿನ ಗುಂಡಿಗೆ ಇಳಿಯಿತು, ಮೂತಿ ಹೊಸ್ತಿಲಿಗೆ ಬಡಿಯಿತು, ನಿಂತಿತು. ಎಲ್ಲ ಸದ್ದೂ ನಿಂತಿತು. ಆ ನಿಶ್ಶಬ್ದದಲ್ಲಿ ಸುಗಲಾಬಾಯಿಯ ದನಿ ಅಷ್ಟು ದೂರದಿಂದ ಸ್ಪಷ್ಟವಾಗಿ ಕೇಳಿತು.

"ಅಮೃತಪ್ಪಾ, ಹಿಡಿಯೋ, ಅಂದಳಲ್ಲೋ ಯಪ್ಪಾ ಈಕಿ. ಗಂಡಗ ಹಿಡೀರಿ ಅಂತನೂ ಅನಲಿಲ್ಲ."

ಬೆಂಕಿಯನ್ನು ಎಲ್ಲರೂ ಮರೆತರು. ಅದು ತಾನಾಗಿಯೇ ಆರುತ್ತಾ ಬಂದಿತ್ತು. ಸಿದ್ರಾಮ ಹೋಗಿ ನೋಡಿಕೊಂಡು ಬಂದ. ಹೊರಗಿನ ತಗಡು ಅಷ್ಟೇ ಕಪ್ಪಾಗಿದೆ, ಒಳಗೆ ಕಿಡಿಯೂ ಬಿದ್ದಿಲ್ಲ.

"ಅಲ್ಲೇ ಬಿಟ್ಟಿದ್ರ ಏನೂ ಆಗ್ತಿರಲಿಲ್ಲ, ವೈನಿ. ನೀವು ಉಳಿಸಿದ್ದಕ್ಕ ಮೂತಿ ಹೋತು." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದ: "ಬ್ರೇಕ್ ಒತ್ತಿದ್ರೂ ನಿಲ್ತಿರಲಿಲ್ಲ ಬಿಡ್ರಿ. ಅದರಾಗ ಎಣ್ಣಿನ ಇಲ್ಲ."

ಸುಗಲಾಬಾಯಿ ಭಕ್ಕರಿ ತುಣುಕು, ತಂಬಿಗೆ ನೀರು ತಂದು ನಿವಾಳಿಸಿ ಒಗೆದಳು. ಹೊಸ್ತಿಲಿಗೆ ಬಂದವಳಿಗೆ ಮಾಡಬೇಕಾದ್ದು ಮಾಡಬೇಕಲ್ಲ ಎಂದಳು. ನನಗೋ ಗಾಡಿಗೋ, ಕೇಳಲಿಲ್ಲ.

ಅಷ್ಟರಲ್ಲಿ ಅಮೋಲ್ ಬಂದ. ಮನೆಯ ಬಾಗಿಲಿಗೆ ಮುಖ ಕೊಟ್ಟು ನಿಂತ ಗಾಡಿಯನ್ನು ನೋಡಿದ.

"ಕಾಕೂ, ದಿನಾ ಇಲ್ಲೇ ಪಾರ್ಕ್ ಮಾಡ್ತೀರಿ?"

"ಹೂಂ," ಎಂದೆ.

ಗಾಡಿಯ ಸುತ್ತ ತಿರುಗಿದ. ಒಳಗೆ ಇಣುಕಿದ. ಕಣ್ಣು ಹೊಳೆದವು. "ಸಗಳಂ ಓರಿಜಿನಲ್ ಆಹೆ, ಎಲ್ಲಾ ಅಸಲಿ. ಮೂತಿ ಒಂದು ರಿಪೇರಿ ಮಾಡ್ತೀನಿ. ಈ ಬಚ್ಚಲ ಗೋಡಿ ಒಡೆದು ಕ್ರೇನ್ ತಂದ್ರ ಎತ್ತಬಹುದು. ಸೀಟ್ ಅಷ್ಟೇ ಹೊಸದು ಹಾಕ್ತೀನಿ, ಗುಂಡಿ ಬಿದ್ದೈತಿ. ಕೊಡ್ತೀರಲ್ಲ?"

ಎಲ್ಲರೂ ನನ್ನನ್ನು ನೋಡಿದರು.

"ಗೋಡಿ ಒಡಿಯಾಕ ಆಗೂದಿಲ್ಲ."

"ಮತ್ತ ಕಟ್ಟಿಸಿ ಕೊಡ್ತೀನಿ, ಕಾಕೂ."

"ಗೋಡಿ ನಮ್ಮವರು ಕಟ್ಟಿಸಿದ್ದು."

"ಫಿಯೆಟ್ ಕೊಡ್ರಿ ಹಂಗಾರ."

"ಅದೂ ಜೀಪೂ ಬಾಜೂ ಬಾಜೂ ಇದ್ದಾವು. ಒಂದು ಬಿಟ್ಟು ಒಂದು ಇರೂದಿಲ್ಲ."

ಸಿದ್ರಾಮ ಬೆನ್ನು ತಿರುಗಿಸಿ ನಿಂತ. ನಗುವಿಗೆ ಅವನ ಹೆಗಲು ಅಲುಗುತ್ತಿತ್ತು.

"ಜೀಪರೇ?"

"ಅದಕ್ಕ ಛತ್ತ ಇಲ್ಲ. ಯಾರು ತಗೊಂತಾರ ಅದನ್ನ?"

"ನಾ ತಗೊಂತೀನಿ, ಕಾಕೂ."

"ನೀ ಚಹಾ ತಗೋ, ತಮ್ಮಾ," ಎಂದೆ. ಚಹಾ ಆವತ್ತು ಬೆಳಿಗ್ಗೆಯದೇ ಒಂದು ಕಪ್ ಹೆಚ್ಚಿಗೆ ಇತ್ತು.

ಹೀಗೆ ಅಂಗಳಕ್ಕೂ ಬಿಟ್ಟುಕೊಳ್ಳದವಳು ಸವತಿಯನ್ನು ಹೊಸ್ತಿಲಿಗೆ ತಂದು ಕೂಡಿಸಿದೆ. ಈಗ ನಾನೇ ಹಿತ್ತಲ ಬಾಗಿಲಿಂದ ಹೋಗಿ ಬರುತ್ತೇನೆ. ಬೀಗರು ಬಂದರೂ ಒಲೆಯ ಮುಂದಿನಿಂದಲೇ ಒಳಗೆ ಬರಬೇಕು. ಬಾನೆಟ್ಟಿನ ಮೇಲೆ ಶಾವಿಗೆ ಚೆನ್ನಾಗಿ ಒಣಗುತ್ತದೆ. ಶಾಲೆಗೆ ಹೋಗುವ ಹುಡುಗರು ಸೈಕಲ್ಲಿನಿಂದ ಎರಡೂ ಕೈ ಬಿಟ್ಟು "ಅಮೃತಪ್ಪಾ, ಹಿಡಿಯೋ" ಎಂದು ಕೂಗಿಕೊಂಡು ಇಳಿಜಾರು ಇಳಿಯುತ್ತಾರೆ. ಬೈಯಬೇಕೆಂದು ಎದ್ದು ಹೋಗುತ್ತೇನೆ. ದಿನಕ್ಕೆ ಇಷ್ಟು ಸಲ ಆ ಹೆಸರು ಕೇಳಿ ಬಹಳ ದಿನವಾಗಿತ್ತು. ಬೈಯದೆ ಬರುತ್ತೇನೆ.

ಕೌದಿಗೆ ತೂತು ಬಿದ್ದಿತ್ತು. ಅವರ ಧೋತರದ ತುಂಡು ಇಟ್ಟು ತ್ಯಾಪಿ ಹಚ್ಚಿದೆ. ನಿನ್ನೆ ಸಂಜೆ ಗಾಳಿ ಬಿಟ್ಟಿತು. ಹೊರಗೆ ಹೋಗಿ ಕೌದಿಯನ್ನು ಅಂಬಾಸಿಡರಿನ ಮೇಲೆ ಹೊದಿಸಿದೆ, ಮೂತಿಗೆ ಚೆನ್ನಾಗಿ ಸಿಕ್ಕಿಸಿದೆ. ಸುಗಲಾಬಾಯಿ ಗೋಡೆಯ ಮೇಲಿಂದ ನೋಡುತ್ತಿದ್ದಳು.

"ಕಬ್ಬಿಣಕ್ಕ ಥಂಡಿ ಹತ್ತತೈತೇನು, ಗುರವ್ವ?"

"ವಯಸ್ಸಾದಾಕಿ. ಇರ್ಲಿ ಬಿಡು," ಎಂದೆ.

ಇವತ್ತು ಬೆಳಿಗ್ಗೆ ಸುಗಲಾಬಾಯಿ ಶುಂಠಿ, ಮೆಣಸು ಹಾಕಿ ಕಾಢಾ ಮಾಡಿ ತಂದಳು. ನಿನ್ನೆ ನನ್ನ ಗಂಟಲು ಕಟ್ಟಿತ್ತಂತೆ. ಆವತ್ತು ಕುಡಿದ ಹೊಗೆ ಇನ್ನೂ ಹೋಗಿಲ್ಲ ಎಂದು ಹೇಳಿದಳು.