ಮೊಮ್ಮಗಳು ಬೋರಲು ಬಿದ್ದ ಸುಳ್ಳು

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು; ಯಾರಾದರೂ ಕಾಗದ ಓದಲು ಕೊಟ್ಟರೆ "ಚಷ್ಮಾ ಮನ್ಯಾಗ ಐತಿ" ಎನ್ನುತ್ತೇನೆ. ಚಷ್ಮಾ ನಾನು ಇದುವರೆಗೆ ಕೊಂಡೇ ಇಲ್ಲ. ಬಸ್ಸಿನಲ್ಲಿ ಸೀಟು ಬೇಕಾದರೆ ಮೊಣಕಾಲು ನೋವು ತಾನಾಗಿ ಬರುತ್ತದೆ. ಇಂಥವುಗಳಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ ಒಂದು ಸುಳ್ಳಿಗೆ ಕಡುಬು ಮಾಡಿ ಓಣಿಗೆಲ್ಲ ಹಂಚಿದ್ದೇನೆ, ಅದು ಬೇರೆ.

ಖಾನಾಪುರದ ನಮ್ಮ ಓಣಿಯಲ್ಲಿ ಕೂಸು ಮೊದಲ ಸಲ ತಾನಾಗಿ ಬೋರಲು ಬಿದ್ದರೆ ಮನೆಮನೆಗೆ ಕಡುಬು ಕೊಡಬೇಕು. ಮೊಮ್ಮಗಳು ನೀಲಾಗೆ ಐದು ತಿಂಗಳು ತುಂಬಿದರೂ ಮಲಗಿಸಿದ ಹಾಗೇ ಮಲಗಿರುತ್ತಿದ್ದಳು. ಬಾಜು ಮನೆಯ ಸುಮನ್ ದಿನಾ ಬಾಗಿಲಿಗೆ ಬಂದು, "ಏನ ಅಕ್ಕಾ, ನಿಮ್ಮ ಮನಿ ಕಡಬು ಈ ವರ್ಷ ಬೇಯ್ತಾವೋ ಇಲ್ಲೋ?" ಎನ್ನುವಳು. ಓಣಿಯ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು ನಾನು. ಎಷ್ಟೆಂದು ಸಹಿಸಲಿ? ಒಂದು ಮಧ್ಯಾಹ್ನ ಸೊಸೆ ಸವಿತಾ ಬಟ್ಟೆ ಒಗೆಯುತ್ತಿದ್ದಾಗ ಕೂಸಿನ ಸೊಂಟಕ್ಕೆ ಕೈಕೊಟ್ಟು, ರೊಟ್ಟಿ ತಿರುವಿದ ಹಾಗೆ ತಿರುವಿಬಿಟ್ಟೆ. "ಬಿದ್ದಳು, ಬಿದ್ದಳು!" ಎಂದು ಕೂಗಿದೆ. ಸಂಜೆಗೆ ಕಡುಬು ಬೆಂದವು. ಸುಮನ್ ಎರಡು ಕೇಳಿ ಹಾಕಿಸಿಕೊಂಡು ತಿಂದಳು.

ಎಂಟು ತಿಂಗಳಾದರೂ ನೀಲಾ ಹೊರಳಲಿಲ್ಲ, ಕೂರಲಿಲ್ಲ. ಆಟೋ ನಗರದ ಗ್ಯಾರೇಜಿಗೆ ಕೆಲಸಕ್ಕೆ ಹೋಗುವ ಮಗ ಬಸು ರಜೆ ಹಾಕಿ, ಬೆಳಗಾವಿಯಲ್ಲಿ ಕೂಸುಗಳಿಗೆ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿಯ ಹತ್ತಿರ ನಮ್ಮನ್ನು ಕರೆದುಕೊಂಡು ಹೋದ. ಅವಳು ಕೂಸನ್ನು ಚಾಪೆಯ ಮೇಲೆ ಮಲಗಿಸಿ ಗಿಲಕಿ ಆಡಿಸಿದಳು, ಕೈ ಹಿಡಿದು ಎಬ್ಬಿಸಿ ಕುತ್ತಿಗೆ ನೋಡಿದಳು. ಆಮೇಲೆ ಪೆನ್ನು ಹಿಡಿದು ಕೇಳಿದಳು: "ಡಬ್ಬ ಯಾವಾಗ ಬಿದ್ದಳ್ರಿ?"

"ಐದೂವರಿ ತಿಂಗಳಿಗ್ರಿ," ಎಂದಳು ಸವಿತಾ. "ಓಣಿಗೆಲ್ಲ ಕಡಬು ಕೊಟ್ಟೇವ್ರಿ."

"ಆಮ್ಯಾಲೆ?"

"ಆಮ್ಯಾಲೆ ಒಮ್ಮೀನೂ ಬಿದ್ದಿಲ್ರಿ."

ಪೆನ್ನು ನಿಂತಿತು. "ಬರೂದು ತಡಾ ಆದ್ರ ಒಂದು ಮಾತು. ಬಂದಿದ್ದು ಹೋಗೇತಿ ಅಂದ್ರ ಬ್ಯಾರೇನ ಆತು. ಇವತ್ತ ದೊಡ್ಡ ಡಾಕ್ಟರ ಕಡೆ ಹೋಗ್ರಿ. ನಿದ್ದಿ ಔಷಧ ಕೊಟ್ಟು ತಲಿ ಸ್ಕ್ಯಾನ್ ಮಾಡಬೇಕಾಗಬಹುದು."

ಸವಿತಾ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಬಸು ಫೋನು ತೆಗೆದ. ದೊಡ್ಡ ಡಾಕ್ಟರ ನಂಬರು ಹುಡುಕತೊಡಗಿದ. ನಾನು ಫ್ಯಾನು ನೋಡುತ್ತ ಕುಳಿತೆ. ಸುಮ್ಮನಿದ್ದರೆ ಮಷೀನೇ 'ಏನೂ ಇಲ್ಲ' ಎಂದು ಹೇಳಿ ನನ್ನನ್ನು ಉಳಿಸೀತು ಎಂಬ ಆಸೆ. ಆದರೆ ಅಷ್ಟು ಸಣ್ಣ ಜೀವಕ್ಕೆ ಸುಮ್ಮಸುಮ್ಮನೆ ನಿದ್ದೆ ಔಷಧ?

"ಫೋನ್ ಇಡೋ. ಕೂಸು ಬಿದ್ದಿಲ್ಲ. ನಾನ ಹೊಳ್ಳಿಸಿದ್ನಿ."

"ಏನಂದಿ ಯವ್ವಾ?"

"ಮತ್ತ ಕಡಬು?" ಎಂದಳು ಸವಿತಾ.

"ಕಡಬು ಅಷ್ಟ ಖರೇ."

ಯಾರೂ ನಗಲಿಲ್ಲ. ಆ ಹುಡುಗಿ ಬರೆದದ್ದನ್ನು ಗೀಚಿ ಹಾಕಿದಳು. "ಆಯಿ, ಇನ್ನೇನರ ಮುಚ್ಚಿಟ್ಟೀರೇನು?" ಎಂದು ಮತ್ತೆ ಮೊದಲಿನಿಂದ ನೋಡಿದಳು. ಸ್ಕ್ಯಾನಿಗೆ ಈಗ ಅವಸರವಿಲ್ಲ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದಳು. ನಮ್ಮದು ಸೊಂಟದ ಮೇಲೆ, ತೊಟ್ಟಿಲಲ್ಲೇ ಬೆಳೆದ ಕೂಸಂತೆ, ನೆಲಕ್ಕೆ ಬಿಡಬೇಕಂತೆ. ಎದೆಯ ಕೆಳಗೆ ಟವೆಲ್ ಸುರುಳಿ ಇಟ್ಟು ಬೋರಲು ಮಲಗಿಸುವುದು, ಅಂಗಾತ ಮಲಗಿಸಿ ಬಾಜುಕ್ಕೆ ಗಿಲಕಿ ಆಡಿಸುವುದು, ದಿನಾ ನಾಲ್ಕೈದು ಸಲ. "ತಾನ ಹೊಳ್ಳಲಿ. ನೀವು ಕೈ ಹಚ್ಚಬ್ಯಾಡ್ರಿ ಆಯಿ," ಎಂದು ನನಗೊಬ್ಬಳಿಗೇ ಎರಡು ಸಲ ಹೇಳಿದಳು.

ಐದು ವಾರ ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಒಂದು ಮುಂಜಾನೆ ನೀಲಾ ಕಾಲೆತ್ತಿ ಅಡ್ಡ ಹಾಕಿದಳು, ಕೈ ಅಡಿಗೆ ಸಿಕ್ಕಿ ಮುಖ ಕೆಂಪಾಗಿ ಚೀರಿದಳು. ನನ್ನ ಕೈ ಅರ್ಧ ಹೋಗಿ ಹಿಂದೆ ಬಂತು. ಧಪ್ಪನೆ ಬಿದ್ದಳು. "ಬಿದ್ದಳು!" ಎಂದು ಕೂಗಿದೆ. ಸವಿತಾ ಹಿಟ್ಟಿನ ಕೈಯಲ್ಲೇ ಓಡಿಬಂದು ಕೂಸನ್ನು ನೋಡಿದಳು, ನನ್ನನ್ನು ನೋಡಿದಳು. "ಅತ್ತಿ, ನಿಮ್ಮ ಕೈ ಎಲ್ಲಿದ್ದುವು?"

ಆಣೆ ಇಟ್ಟರೂ ನಂಬಲಿಲ್ಲ. ಬಸು, "ನನ್ನ ಮುಂದ ಬೀಳಲಿ" ಎಂದ. ಅವರಿಬ್ಬರೂ ಚಾಪೆಯ ಹತ್ತಿರ ಕುಳಿತರೆ ನೀಲಾ ಕಾಲ್ಬೆರಳು ಚೀಪುತ್ತ ಮಲಗುತ್ತಾಳೆ. ಅವರು ಎದ್ದು ಹೋದರೆ ಸಾಕು, ಹೊರಳುತ್ತಾಳೆ. ನಿನ್ನೆ ಮೂರು ಸಲ ಹೊರಳಿದಳು. ಸಂಜೆ ಸವಿತಾ, "ಇವತ್ತರ ಬಿದ್ದಳೇನ್ರಿ?" ಎಂದು ಕೇಳಿದಳು. ಬೇಸತ್ತು "ಇಲ್ಲ ಬಿಡವ್ವಾ" ಎಂದೆ.

ತಕ್ಷಣ ನಂಬಿದಳು.