ನಾಲ್ಕು ಅಂಗಡಿಗೆ ಒಂದೇ ಬಾಯ್ಲರ್

ಆ ಚಳಿಗಾಲದಲ್ಲಿ ಟೈಲರನ ನಿದ್ದೆ ಕೆಡಿಸಿದ್ದು ಚಳಿಯಲ್ಲ, ಪಕ್ಕದ ಫೋಟೋ ಸ್ಟುಡಿಯೋದವನ ಅಂಗಿ.

ನಾಲ್ಕು ಅಂಗಡಿಗಳ ಆ ಹಳೆಯ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರ್. ಅದರ ಬಿಸಿನೀರು ಕೊಳವೆಗಳಲ್ಲಿ ಹರಿದುಬಂದು ಒಂದೊಂದು ಅಂಗಡಿಯ ಗೋಡೆಗೂ ಆತುಕೊಂಡಿದ್ದ ಕಬ್ಬಿಣದ ಹೀಟರನ್ನು ಕಾಯಿಸುತ್ತಿತ್ತು. ಖರ್ಚನ್ನು ಕಟ್ಟಡದ ಯಜಮಾನಮ್ಮ ನಾಲ್ಕು ಸಮಪಾಲು ಮಾಡಿ ಹಂಚುತ್ತಿದ್ದರು. ಹದಿನೈದು ವರ್ಷ ಯಾರೂ ಚಕಾರವೆತ್ತಿರಲಿಲ್ಲ. ಒಂದು ಬೆಳಿಗ್ಗೆ ಟೈಲರ್ ಸೂಜಿಗೆ ದಾರ ಪೋಣಿಸುತ್ತ ಕಿಟಕಿಯಾಚೆ ನೋಡಿದರೆ, ಫೋಟೋದವನು ಕೋಟಿಲ್ಲದೆ, ಬರೀ ಅಂಗಿಯಲ್ಲಿ, ಅದೂ ತೋಳು ಮಡಿಸಿಕೊಂಡು ಕುಳಿತಿದ್ದ. ಟೈಲರ್ ಸೂಜಿ ಬಿಟ್ಟು ಕಿಟಕಿಗೆ ಮುಖವಿಟ್ಟ.

"ನೋಡೇ, ನೋಡೇ! ನಾವಿಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದ್ರೆ ಅವನು ತೋಳು ಮಡಿಸ್ಕೊಂಡಿದಾನೆ. ಅವನ ಶಾಖಕ್ಕೆ ನಾವು ದುಡ್ಡು ಕೊಡ್ತಿದೀವಿ!"

ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಅಂಗಿನಾದ್ರೂ ಹಾಕ್ಕೊಂಡಿದಾನಲ್ಲ, ಸಮಾಧಾನ ಪಟ್ಕೊಳ್ಳಿ."

ಸಮಾಧಾನ ಪಡುವ ಜಾಯಮಾನದವನಾಗಿದ್ದರೆ ಅವನ ಕತೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. ಬಳಸಿದವರು ಬಳಸಿದಷ್ಟಕ್ಕೆ ಕೊಡಬೇಕೆಂದು ಅವನು ಯಜಮಾನಮ್ಮನ ಮನೆಗೆ ಎಂಟು ಸಲ ಅಲೆದ. ಉಳಿದವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಸಲೂನಿನವನು, ಕನ್ನಡಕದ ಅಂಗಡಿಯಾಕೆ, ಫೋಟೋದವನು, ಮೂವರಿಗೂ ತಾನೊಬ್ಬನೇ ಮೋಸಹೋಗುತ್ತಿರುವವನೆಂಬ ಅನುಮಾನ ಮೊದಲಿನಿಂದಲೂ ಇತ್ತು. ಜಿಪುಣರ ಒಗ್ಗಟ್ಟು ಅಷ್ಟು ಬೇಗ ಕೂಡುತ್ತದೆ.

ಯಜಮಾನಮ್ಮ ಒಬ್ಬ ಇಂಧನ ಉಳಿತಾಯದ ಸಲಹೆಗಾರನನ್ನು ಕರೆಸಿದರು. ಅವನ ಹತ್ತಿರ ಹೀಟರಿಗೆ ಕಟ್ಟುವ ನಾಲ್ಕು ಮೀಟರುಗಳಿದ್ದವು, ಆದರೆ ದಿನದ ಬಾಡಿಗೆಗೆ ಮಾತ್ರ. ಕೊಂಡುಕೊಳ್ಳುವುದೆಂದರೆ ಯಜಮಾನಮ್ಮನಿಗೆ ಎದೆನೋವು. ಹಾಗಾಗಿ ಹೀಗೆ ಒಪ್ಪಂದವಾಯಿತು: ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮೀಟರು ಓಡಬೇಕು. ಆ ಒಂದು ದಿನ ಯಾರದು ಎಷ್ಟು ಓಡಿತೋ ಅದೇ ಪ್ರಮಾಣದಲ್ಲಿ ಇಡೀ ಚಳಿಗಾಲದ ಖರ್ಚನ್ನು ನಾಲ್ವರಿಗೆ ಹಂಚಬೇಕು. ನಾಲ್ವರೂ ಸಹಿ ಹಾಕಿದರು. ಟೈಲರ್ ಎರಡು ಕಡೆ ಹಾಕಿದ.

ಸಲಹೆಗಾರ ಮೀಟರು ಕಟ್ಟುತ್ತ ಒಂದಿಷ್ಟು ಬುದ್ಧಿಮಾತು ಹೇಳಿದ. "ಬಾಗಿಲ ಸಂದು ಮುಚ್ಚಿ. ಹೀಟರಿನ ಮುಂದೆ ಸಾಮಾನು ಒಟ್ಟಬೇಡಿ. ಈಗಿರೋದಕ್ಕಿಂತ ಒಂದೇ ಡಿಗ್ರಿ ಇಳಿಸಿದ್ರೂ ಎಷ್ಟೋ ಉಳಿಯುತ್ತೆ." ಮಾತು ವಿವೇಕದ್ದಾಗಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂದು ಮುಚ್ಚುವುದಕ್ಕೆ ಖರ್ಚಿಲ್ಲವೆಂದು ಟೈಲರ್ ಅದೊಂದನ್ನು ಮಾತ್ರ ಹಿಡಿದುಕೊಂಡ.

ಸಲಹೆಗಾರ ಅತ್ತ ಹೋಗುತ್ತಲೇ ಟೈಲರ್ ಇಕ್ಕಳ ತಂದು, ಬಿಸಿನೀರು ಒಳಗೆ ಬರದ ಹಾಗೆ ಹೀಟರಿನ ತಿರುಪನ್ನು ಬಿಗಿದ. ಇನ್ನು ಬಿಗಿದರೆ ಮುರಿಯುತ್ತದೆ ಎನ್ನುವವರೆಗೆ ಬಿಗಿದ.

"ಏನ್ರೀ ಇದು? ಹೊರಗೆ ನೋಡಿದ್ರಾ, ಚರಂಡಿ ನೀರು ಹೆಪ್ಪುಗಟ್ಟಿದೆ," ಎಂದಳು ಹೆಂಡತಿ.

"ಒಂದು ದಿನ ಕಣೇ. ಒಂದು ದಿನ ಹಲ್ಲು ಕಚ್ಕೊಂಡ್ರೆ ಇಡೀ ಚಳಿಗಾಲ ಪುಕ್ಕಟೆ. ನಾನು ಸೊನ್ನೆ ತೋರಿಸ್ತೀನಿ. ಆ ಮೂವರು ಉರಿಸ್ತಾ ಕೂತಿರ್ತಾರಲ್ಲ, ಅವರ ಮಧ್ಯೆ ಖರ್ಚೆಲ್ಲ ಹಂಚಿಹೋಗುತ್ತೆ."

"ಅವರೂ ಹೀಗೇ ಯೋಚನೆ ಮಾಡಿದ್ರೆ?"

"ಅಷ್ಟು ತಲೆ ಎಲ್ಲಿದೆ ಅವರಿಗೆ?" ಎಂದು ಟೈಲರ್ ನಕ್ಕ. ನಕ್ಕಾಗ ಬಾಯಿಂದ ಹಬೆ ಹೊರಟಿತು.

ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನೆಲ್ಲ ಸುರುಳಿ ಸುತ್ತಿ ಬಾಗಿಲ ಸಂದಿಗೆ, ಕಿಟಕಿಯ ಸಂದಿಗೆ, ಬೀಗದ ತೂತಿಗೆ ತುರುಕಿದ. ಹೊಲಿದಿಟ್ಟಿದ್ದ ಗಿರಾಕಿಗಳ ಕೋಟುಗಳಲ್ಲಿ ಎರಡನ್ನು ಒಂದರ ಮೇಲೊಂದು ತೊಟ್ಟ. ಹೆಂಡತಿ ಯಾರದೋ ಮನೆಯ ಪರದೆ ಬಟ್ಟೆಯನ್ನು ಕುತ್ತಿಗೆಯವರೆಗೆ ಸುತ್ತಿಕೊಂಡು, ಎರಡು ಬೆರಳು ಮಾತ್ರ ಹೊರಗಿಟ್ಟು ಗುಂಡಿ ಹೊಲಿಯತೊಡಗಿದಳು.

ಹತ್ತು ಗಂಟೆಗೆ ಬಾಗಿಲನ್ನು ಭುಜದಿಂದ ನೂಕಿಕೊಂಡು ಸಲೂನಿನವನು ಬಂದ.

"ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ," ಎಂದ. ಹದಿನೈದು ವರ್ಷದಲ್ಲಿ ಅವನು ಹೀಗೆ ಮಾತಾಡಿಸಲು ಬಂದದ್ದು ಅದೇ ಮೊದಲು. ಮಾತಾಡುತ್ತಾಡುತ್ತಲೇ ಗೋಡೆಯ ಕಡೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೀಟರಿಗೆ ತಾಗಿಸಿದ. ಮರುಕ್ಷಣ ಮುಖ ಜೋತುಬಿತ್ತು.

"ನಿಮ್ಮಲ್ಲಿ ಸ್ವಲ್ಪ ತಣ್ಣಗಿದೆ ಅಲ್ವಾ?"

"ತಣ್ಣಗಾ? ಇಲ್ವಲ್ಲ! ಆರೋಗ್ಯಕ್ಕೆ ಒಳ್ಳೇದು," ಎಂದ ಟೈಲರ್. ಸಲೂನಿನವನು ಹೊರಟುಹೋದ ಮೇಲೆ ಅವನಿಗೆ ಮೊದಲ ಸಲ ಅನುಮಾನ ಮೂಡಿತು. ಸ್ವಂತ ಹೀಟರ್ ಕಾಯುತ್ತಿದ್ದರೆ ಇವನಿಗೆ ಇಲ್ಲೇನು ಕೆಲಸ?

ಕಣ್ಣು ಮಂಜಾಗುತ್ತಿದೆ ಎಂಬ ನೆವ ಮಾಡಿಕೊಂಡು ಟೈಲರ್ ಕನ್ನಡಕದ ಅಂಗಡಿಗೆ ಹೋದ. ನಿಜವಾದ ಉದ್ದೇಶ ಬೆನ್ನು ಕಾಯಿಸಿಕೊಳ್ಳುವುದು. ಅಲ್ಲಿ ಆಕೆ ಕೈಚೀಲಕ್ಕೆ ಕಾಲು ತೂರಿಸಿಕೊಂಡು ಕುಳಿತಿದ್ದಳು. ಗಾಜುಗಳ ಮೇಲೆಲ್ಲ ಅವಳ ಉಸಿರೇ ಮಂಜುಗಟ್ಟಿತ್ತು.

"ಬನ್ನಿ ಬನ್ನಿ ಟೈಲರೇ, ನಾನೇ ನಿಮ್ಮಲ್ಲಿಗೆ ಬರೋಣ ಅಂತಿದ್ದೆ. ಬ್ಲೌಸಿನ ಅಳತೆ ಕೊಡೋದಿತ್ತು."

"ಬೇಡ ಬೇಡ, ಇವತ್ತು ಬೇಡ," ಎಂದು ಟೈಲರ್ ಹಿಂದಕ್ಕೆ ಹೆಜ್ಜೆಯಿಟ್ಟ.

ಫೋಟೋ ಸ್ಟುಡಿಯೋದಲ್ಲಿ ಮೊದಲು ಯಾರೂ ಕಾಣಲಿಲ್ಲ. ಹಿನ್ನೆಲೆಗೆಂದು ಇಳಿಬಿಡುವ ಸಮುದ್ರದ ಚಿತ್ರವಿದ್ದ ದೊಡ್ಡ ಪರದೆಯೊಂದು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ನೋಡುತ್ತಿದ್ದಂತೆ ಅದು ಸೀನಿತು. ಒಳಗಿದ್ದ ಫೋಟೋದವನು ತಲೆ ಮಾತ್ರ ಹೊರಗೆ ಹಾಕಿ, "ಪರದೆ ಹೊಲಿಗೆ ಬಿಟ್ಟಿದೆಯಾ ಅಂತ ಒಳಗಿಂದ ನೋಡ್ತಿದ್ದೆ," ಎಂದ.

ಒಂದು ದಿನ ಮಾನವಾಗಿ ಬೆಚ್ಚಗಿದ್ದು ಕಾಲುಭಾಗ ಕೊಟ್ಟಿದ್ದರೆ ಈ ಯಾವ ಪಾಡೂ ಇರಲಿಲ್ಲ. ಆದರೆ ತನ್ನ ಚಿಲ್ಲರೆ ಖರ್ಚನ್ನು ಇನ್ನೊಬ್ಬನ ತಲೆಗೆ ಕಟ್ಟಬಹುದು ಎನ್ನುವಾಗ ಮನುಷ್ಯ ಮೂಗು ಉದುರಿದರೂ ಸರಿ ಎನ್ನುತ್ತಾನೆ. ಮೂವರೂ ಹೀಟರ್ ಆರಿಸಿ ಕುಳಿತಿದ್ದಾರೆಂದು ಗೊತ್ತಾದ ಮೇಲೆ ಟೈಲರನ ಹಟ ಇಮ್ಮಡಿಯಾಯಿತು. ಮಧ್ಯಾಹ್ನದೊಳಗೆ ಇವರಲ್ಲಿ ಒಬ್ಬರಾದರೂ ಸೋಲುತ್ತಾರೆ ಎಂದು ಕಾದ. ಸಲೂನಿನಿಂದ ಒಬ್ಬ ಗಿರಾಕಿ ಕಿವಿಗೆ ಹತ್ತಿ ಒತ್ತಿಕೊಂಡು ಬೈಯುತ್ತ ಹೋದ, ನಡುಗುವ ಕೈಯಲ್ಲಿ ಕತ್ತರಿ ದಾರಿ ತಪ್ಪಿತ್ತು. ಆದರೂ ಸಲೂನಿನವನು ಸೋಲಲಿಲ್ಲ.

ಮೂರು ಗಂಟೆಗೆ ವಕೀಲರು ಬಂದರು. ಟೈಲರನ ಗಿರಾಕಿಗಳಲ್ಲೇ ದೊಡ್ಡ ಕುಳ, ಸುತ್ತಳತೆಯಲ್ಲೂ ಹಾಗೆಯೇ. ಮರುದಿನ ತೊಡಬೇಕಾದ ಹೊಸ ಕೋಟನ್ನು ತೊಟ್ಟು ನೋಡುವುದಿತ್ತು. ಬಾಗಿಲು ನೂಕಿದರು, ತೆರೆಯಲಿಲ್ಲ. ಬಟ್ಟೆಚೂರು ತುರುಕಿದ ಬಾಗಿಲು ಕಚ್ಚಿಕೊಂಡಿತ್ತು. ಒಳಗಿಂದ ಟೈಲರ್ ಎಳೆದ, ಹೊರಗಿಂದ ವಕೀಲರು ಮೈಯೆಲ್ಲ ಹಾಕಿ ನೂಕಿದರು. ಬಾಗಿಲು ತಟ್ಟನೆ ಬಿಟ್ಟುಕೊಂಡಾಗ ವಕೀಲರು ಹೊಲಿಗೆ ಯಂತ್ರದವರೆಗೆ ಓಡುತ್ತ ಬಂದು ನಿಂತರು.

"ಏನಯ್ಯ ಇದು, ಅಂಗಡಿನೋ ಜೈಲೋ?"

"ಇಂಧನ ಉಳಿತಾಯ ಸ್ವಾಮಿ," ಎಂದ ಟೈಲರ್.

ಕೋಟಿಗಾಗಿ ವಕೀಲರು ಮೇಲಂಗಿ ಕಳಚಿದರು. ಕಳಚಿದವರೇ ಬೊಬ್ಬೆ ಹೊಡೆದರು. ಟೈಲರನ ಅಳತೆಪಟ್ಟಿ ಕುತ್ತಿಗೆಗೆ ತಾಗಿದಾಗ ಇನ್ನೊಂದು ಸಲ ಬೊಬ್ಬೆ. ಮರಗಟ್ಟಿದ ಬೆರಳುಗಳಿಂದ ಟೈಲರ್ ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚಲು ಹೋದ. ಬಟ್ಟೆಗೆ ಹೋಗಬೇಕಾದ ಸೂಜಿ ವಕೀಲರಿಗೇ ಹೋಯಿತು. ಎರಡನೆಯದೂ ಅಲ್ಲಿಗೇ ಹೋಯಿತು.

"ಸಾಕು! ನಾನು ಕೋಟು ಹೊಲಿಸೋಕೆ ಬಂದೆನೋ, ಸಾಯೋಕೆ ಬಂದೆನೋ? ಕೊಟ್ಟ ಬಟ್ಟೆ ವಾಪಸು ಕೊಡು. ಸೇತುವೆ ಹತ್ತಿರದ ಟೈಲರ್ ಕೈಲಿ ಮಾಡಿಸ್ಕೋತೀನಿ. ನಮ್ಮ ಆಫೀಸಿನ ಹನ್ನೆರಡು ಕೋಟೂ ಅವನಿಗೇ."

ಹೆಂಡತಿ ಪರದೆಯೊಳಗಿಂದ ಟೈಲರನನ್ನು ನೋಡಿದಳು. ಹನ್ನೆರಡು ಕೋಟೆಂದರೆ ಅವರ ಚಳಿಗಾಲದ ಅರ್ಧ ಸಂಪಾದನೆ.

ಗಲಾಟೆ ಕೇಳಿ ಉಳಿದ ಮೂವರೂ ಓಡಿಬಂದರು. ನೆರೆಯವನಿಗೆ ಸಹಾಯ ಮಾಡಲು ಬಂದರೆಂದು ಯಾರೂ ತಪ್ಪು ತಿಳಿಯಬಾರದು. ಇಲ್ಲೆಲ್ಲಾದರೂ ಬಿಸಿ ಹುಟ್ಟುವ ಸೂಚನೆಯಿದೆಯೋ ಎಂದು ನೋಡಲು ಬಂದಿದ್ದರು.

"ಹೀಟರ್ ಹಾಕಿಬಿಡಿ ಟೈಲರೇ," ಎಂದ ಸಲೂನಿನವನು. "ದೊಡ್ಡ ಮನುಷ್ಯರು ನಡುಗ್ತಿದಾರೆ, ಪಾಪ."

"ಐದೇ ನಿಮಿಷ," ಎಂದಳು ಕನ್ನಡಕದ ಅಂಗಡಿಯಾಕೆ. "ಮೀಟರು ಒಂದಂಕಿ ಓಡೀತು. ಒಂದು ಯಾವ ಲೆಕ್ಕ?"

"ನಿಮ್ಮಲ್ಲೇ ಹಾಕಿ, ಅಲ್ಲಿಗೆ ಕರ್ಕೊಂಡು ಬರ್ತೀನಿ," ಎಂದ ಟೈಲರ್.

"ನಮ್ಮ ತಿರುಪು ತುಕ್ಕು ಹಿಡಿದಿದೆ," ಎಂದ ಸಲೂನಿನವನು. "ನನಗೆ ಶಾಖ ಅಂದ್ರೆ ತಲೆನೋವು," ಎಂದಳು ಆಕೆ. ಫೋಟೋದವನು ತನ್ನ ಸ್ಟುಡಿಯೋ ಗೋಡೆಗೆ ಬಿಸಿ ಆಗಿಬರುವುದಿಲ್ಲ ಎಂದ. ಅಷ್ಟರಲ್ಲಿ ಮೂವರೂ ಹೀಟರಿನ ಮುಂದೆ ಒಳ್ಳೆಯ ಜಾಗ ಹಿಡಿದುಕೊಂಡಿದ್ದರು.

ಟೈಲರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದಂಕಿ. ಬರೀ ಒಂದು. ಸೊನ್ನೆಗೂ ಒಂದಕ್ಕೂ ಏನು ಮಹಾ ಅಂತರ? ಇಷ್ಟು ಹೊತ್ತೂ ಕಷ್ಟಪಟ್ಟದ್ದಕ್ಕೆ ಒಂದು ಏನೂ ಅಲ್ಲ. ಇಕ್ಕಳ ತೆಗೆದುಕೊಂಡು ತಿರುಪು ಸಡಿಲಿಸಿದ.

ಕೊಳವೆ ಗುಳುಗುಳು ಎಂದಿತು. ಹೀಟರ್ ಕಾಯಿತು. ಆರು ಜನ ಅದಕ್ಕೆ ಮುತ್ತಿಕೊಂಡರು. ವಕೀಲರ ಕೆನ್ನೆಗೆ ಬಣ್ಣ ಬಂತು, ಟೈಲರನ ಬೆರಳಿಗೆ ಜೀವ ಬಂತು, ಸೂಜಿ ಬಟ್ಟೆಗೇ ಹೋಯಿತು, ಕೋಟು ಕೂತಿತು. "ಭೇಷ್! ಹನ್ನೆರಡೂ ನೀನೇ ಹೊಲಿ," ಎಂದು ವಕೀಲರು ಬೆನ್ನು ತಟ್ಟಿ ಹೋದರು. ಮೀಟರಿನಲ್ಲಿ ಒಂದು ಎಂಬ ಅಂಕಿ ಮೂಡಿದ್ದೇ ತಡ ಟೈಲರ್ ಮತ್ತೆ ತಿರುಪು ಬಿಗಿದ. ಮೂವರೂ ಹೀಟರ್ ಪೂರ್ತಿ ತಣ್ಣಗಾಗುವವರೆಗೆ ಕೂತಿದ್ದು, ಆಮೇಲೆ ತುರ್ತು ಕೆಲಸ ನೆನಪಾಗಿ ಎದ್ದುಹೋದರು.

ಆರಕ್ಕೆ ಸರಿಯಾಗಿ ಯಜಮಾನಮ್ಮನೂ ಸಲಹೆಗಾರನೂ ಬಂದರು. ನಾಲ್ಕೂ ಮೀಟರು ಬಿಚ್ಚಿ ತಂದು ಟೈಲರನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಉಳಿದ ಮೂವರೂ ಅವರ ಹಿಂದೆಯೇ ಬಂದು ಕುಳಿತರು. ಸಲಹೆಗಾರ ಓದತೊಡಗಿದ.

"ಸಲೂನು, ಸೊನ್ನೆ. ಕನ್ನಡಕ, ಸೊನ್ನೆ. ಫೋಟೋ, ಸೊನ್ನೆ. ಟೈಲರ್, ಒಂದು."

"ಒಂದೇ ಒಂದು!" ಎಂದು ಟೈಲರ್ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಹೇಳಿದ್ನೋ ಇಲ್ವೋ? ಬರೀ ಒಂದು!"

ಹೆಂಡತಿಯ ಕೈಯಲ್ಲಿದ್ದ ಸೂಜಿ ನಿಂತಿತು. "ರೀ, ಒಟ್ಟು ಎಷ್ಟಾಯ್ತು ಅಂತ ಕೇಳಿ," ಎಂದಳು ಮೆಲ್ಲಗೆ.

"ಒಟ್ಟು ಒಂದು," ಎಂದ ಸಲಹೆಗಾರ ಬರೆದುಕೊಳ್ಳುತ್ತ. "ಆ ಒಂದರಲ್ಲಿ ಟೈಲರದ್ದು ಒಂದು. ಅಂದ್ರೆ ಪೂರ್ತಿ. ಒಪ್ಪಂದದ ಪ್ರಕಾರ ಇಡೀ ಚಳಿಗಾಲದ ಖರ್ಚು ಟೈಲರ್ ಪಾಲಿಗೆ."

ಮೊದಲು ಅರ್ಥವಾದದ್ದು ಸಲೂನಿನವನಿಗೆ. ಅವನ ಮುಖ ನಿಧಾನವಾಗಿ ಅರಳಿತು. ಅವನನ್ನು ನೋಡಿ ಫೋಟೋದವನದು ಅರಳಿತು, ಅವನನ್ನು ನೋಡಿ ಕನ್ನಡಕದ ಅಂಗಡಿಯಾಕೆಯದು.

"ಅನ್ಯಾಯ!" ಟೈಲರ್ ಕೂಗಿದ. "ಆ ಒಂದನ್ನ ಇವರೂ ಇಲ್ಲೇ ಕೂತು ಕಾಯಿಸ್ಕೊಂಡ್ರು! ಹಾಕಿ ಹಾಕಿ ಅಂತ ಹೇಳಿದ್ದೇ ಇವರು!"

"ನಿಮ್ಮ ಅಂಗಡಿಗೆ ಬಂದವರು ಕಾಯಿಸಿಕೊಂಡ್ರೆ ಅದು ನಿಮ್ಮ ಲೆಕ್ಕಕ್ಕೇ ತಾನೇ?" ಎಂದರು ಯಜಮಾನಮ್ಮ. "ಬಳಸಿದವರು ಬಳಸಿದಷ್ಟಕ್ಕೆ ಕೊಡಬೇಕು ಅಂತ ನನ್ನ ಮನೆಗೆ ಎಂಟು ಸಲ ಬಂದೋರು ಯಾರು? ಇವರು ಬಳಸ್ಲೇ ಇಲ್ವಲ್ಲ."

"ನಾಳೆ ಇನ್ನೊಂದು ಸಲ ಅಳೆಯೋಣ."

"ನಾಳೆಯಿಂದ ಮೀಟರೆಲ್ಲ ಬೇರೆ ಊರಲ್ಲಿ," ಎಂದ ಸಲಹೆಗಾರ. "ಬೇಸಿಗೆವರೆಗೂ ಖಾಲಿ ಇಲ್ಲ."

"ಒಪ್ಪಂದ ಅಂದ್ಮೇಲೆ ಒಪ್ಪಂದ," ಎಂದು ಮೂವರೂ ಒಟ್ಟಿಗೇ ಹೇಳಿ, ಒಟ್ಟಿಗೇ ಎದ್ದು, ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕಿಕೊಂಡು ತಂತಮ್ಮ ಅಂಗಡಿಗೆ ಓಡಿದರು. ಸ್ವಲ್ಪ ಹೊತ್ತಿನಲ್ಲೇ ಗೋಡೆಯೊಳಗಿನ ಕೊಳವೆ ಎಡಕ್ಕೂ ಬಲಕ್ಕೂ ಭೋರ್ಗರೆಯಿತು. ಸಲೂನಿನ ತಿರುಪಿಗೆ ತುಕ್ಕು ಹಿಡಿದ ಹಾಗೆ ಕಾಣಲಿಲ್ಲ.

ಟೈಲರ್ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಅರ್ಧ ಗಂಟೆಯಲ್ಲಿ ಸಲೂನಿನವನು ತೋಳು ಮಡಿಸಿಕೊಂಡು ಒಳಗೆ ಬಂದ.

"ಟೈಲರೇ, ನಿಮ್ಮ ಸೀಮೆಸುಣ್ಣ ಒಂಚೂರು ಕೊಡ್ತೀರಾ? ಬೋರ್ಡಿನ ಮೇಲೆ ಎರಡು ಸಾಲು ಬರೀಬೇಕಿತ್ತು."

ಟೈಲರ್ ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಕೊಟ್ಟ. ಸಲೂನಿನವನು ಬೀದಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದ: ಒಳಗೆ ಬೆಚ್ಚಗಿದೆ. ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಹೆಂಡತಿ ಕಿಟಕಿಯಿಂದ ಅದನ್ನು ಓದಿದಳು. ಮೈಗೆ ಸುತ್ತಿದ್ದ ಪರದೆಯನ್ನು ಬಿಚ್ಚಿ ಮಡಿಸಿಟ್ಟಳು. ಗುಂಡಿಯ ಡಬ್ಬಿ, ಸೂಜಿದಾರ, ಅರ್ಧ ಮುಗಿದ ಕೋಟು, ಎಲ್ಲವನ್ನೂ ಎತ್ತಿಕೊಂಡಳು.

"ನೀನೆಲ್ಲಿಗೆ ಹೊರಟೆ?"

"ಸಲೂನಿಗೆ. ಅಲ್ಲಿ ಕೂತು ಹೊಲೀತೀನಿ. ನೀವೂ ಬನ್ನಿ. ದುಡ್ಡು ಕೊಡೋರು ನಾವೇ ತಾನೇ?"

"ಹಾಗಾದ್ರೆ ಇಲ್ಲೇ ಹಾಕೋಣ ಅಂತೀಯಾ?"

"ಹಾಕಿ, ಬಿಡಿ, ನಿಮ್ಮಿಷ್ಟ," ಎಂದು ಅವಳು ಹೊರಟುಹೋದಳು.

ಟೈಲರ್ ಎದ್ದು ಹೀಟರಿನ ಹತ್ತಿರ ಹೋದ. ಇಕ್ಕಳ ಕೈಗೆತ್ತಿಕೊಂಡ. ಇನ್ನು ಈ ಕಟ್ಟಡದಲ್ಲಿ ಕಾಯುವ ಪ್ರತಿಯೊಂದು ಹನಿಯೂ ತನ್ನ ಜೇಬಿನದೇ, ಮೂರು ಅಂಗಡಿಯದನ್ನು ತಡೆಯಲಾಗದಿದ್ದರೂ ಒಂದರದನ್ನಾದರೂ ಉಳಿಸಬಹುದು ಎಂದು ಅವನಿಗೆ ಹೊಳೆಯಿತು. ಗಿರಾಕಿಗಳ ಎರಡು ಕೋಟುಗಳ ಮೇಲೆ ಮೂರನೆಯದನ್ನು ತೊಟ್ಟುಕೊಂಡು, ತಿರುಪು ಗಟ್ಟಿಯಾಗಿ ಬಿಗಿದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡ.