ಕುರ್ಚಿ ವಾಪಸ್ಸು ತೆಗೆದುಕೊಳ್ಳಿ, ನಂಜೇಶ್ ಅವರೇ

ಕಪಿಲಾ ಸಂಗಮ ಓಟಗಾರರ ಬಳಗದ ಸಂಚಾಲಕರೂ, ನಮ್ಮ ಬೀದಿಯ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯ ಮಾಲೀಕರೂ, ಭಾನುವಾರದ ಬೆಳಗಿನ ಜಾವ ಅರ್ಧ ನಂಜನಗೂಡನ್ನು ಹಾಸಿಗೆಯಿಂದ ಎಬ್ಬಿಸುವ ಹೊಣೆ ಹೊತ್ತವರೂ ಆದ ಶ್ರೀ ನಂಜೇಶ್ ಅವರ ಸನ್ನಿಧಿಗೆ.

ಮಾನ್ಯರೇ,

ಕಳೆದ ಕಾರ್ತಿಕದ ಕೊನೆಯ ಭಾನುವಾರ ಬೆಳಿಗ್ಗೆ, ನಮ್ಮ ಬೀದಿಯ ಒಂದೊಂದು ಮನೆಯ ಮುಂದೆಯೂ ನಿಂತು "ಓಡಕ್ಕೆ ಬನ್ನಿ" ಎಂದು ಕರೆದ ತಾವು, ನಮ್ಮ ಗೇಟಿನ ಹತ್ತಿರ ಬಂದು ನನಗೊಬ್ಬಳಿಗೆ ಮಾತ್ರ "ಕೂತ್ಕಳಿ" ಎಂದಿರಿ. ಆ ಅನ್ಯಾಯವನ್ನು ಕುರಿತು, ತಮ್ಮ ಮೇಲಿನ ಗೌರವಕ್ಕೆ ಎಳ್ಳಷ್ಟೂ ಕುಂದು ಬಾರದ ಹಾಗೆ, ಊರಿನವರೆಲ್ಲ ಓದಲೆಂದು ಈ ಪತ್ರ ಬರೆಯುತ್ತಿದ್ದೇನೆ. ತಾವು ಈ ವಾರವೆಲ್ಲ ಯಾರನ್ನೋ ಹುಡುಕಿಕೊಂಡು ಊರು ಸುತ್ತುತ್ತಿದ್ದೀರಿ ಎಂದು ಕೇಳಿದೆ. ಆ ಗಡಿಬಿಡಿಯಲ್ಲೂ ಇದನ್ನು ಪೂರ್ತಿ ಓದಬೇಕಾಗಿ ವಿನಂತಿ.

ನಡೆದದ್ದು ತಮಗೆ ಮರೆತಿರಬಹುದು. ಊರಿನ ಆರೋಗ್ಯವನ್ನು ಹೆಗಲ ಮೇಲೆ ಹೊತ್ತವರಿಗೆ ಸಣ್ಣಪುಟ್ಟದ್ದು ನೆನಪಿರಬೇಕೆಂದು ನಿರೀಕ್ಷಿಸುವುದು ತಪ್ಪು. ಆದರೆ ನಾನು ಟಿ. ನರಸೀಪುರದ ಗ್ರಂಥಾಲಯದಲ್ಲಿ ಇಡೀ ಸರ್ವೀಸು ಕಳೆದವಳು. ಯಾರು ಯಾವ ಪುಸ್ತಕ ಒಯ್ದು ವಾಪಸ್ಸು ತರಲಿಲ್ಲ ಎಂಬುದನ್ನು ಇವತ್ತಿಗೂ ಸಂತೆಯಲ್ಲಿ ಮುಖ ನೋಡಿಯೇ ಹೇಳಬಲ್ಲೆ, ಹೇಳಿದ್ದೂ ಉಂಟು. ಹಾಗಾಗಿ ನೆನಪಿಸುತ್ತೇನೆ. ಅಂದು ತಾವು ನನ್ನ ಸೊಸೆ ನಯನಳಿಗೆ ಮ್ಯಾರಥಾನ್ ತರಬೇತಿಯ ವಿಚಾರವನ್ನೆಲ್ಲ ಬಿಡಿಸಿ ಹೇಳಿದಿರಿ. ವಾರದ ದಿನಗಳಲ್ಲಿ ಸಣ್ಣ ಓಟ, ಭಾನುವಾರ ಉದ್ದದ ಓಟ, ಶಿವರಾತ್ರಿ ಕಳೆದ ಮೇಲೆ ಇಲ್ಲಿಯ ಕಪಿಲೆಯ ದಂಡೆಯಿಂದ ನರಸೀಪುರದ ಸಂಗಮದವರೆಗೆ ದೊಡ್ಡ ಓಟ. ಜಗಲಿಯ ಮೇಲೆ ಹುರುಳಿಕಾಳು ಆರಿಸುತ್ತಿದ್ದ ನಾನು ಮೊರ ಕೆಳಗಿಟ್ಟು ಎದ್ದು ನಿಂತೆ. ಎದ್ದದ್ದು ಯಾಕೆಂದು ಯಾರಿಗಾದರೂ ತಿಳಿಯುತ್ತಿತ್ತು. ತಮಗೆ ಮಾತ್ರ ನನ್ನ ಮೇಲಿನ ಭಕ್ತಿ ಕಣ್ಣಿಗೆ ಅಡ್ಡ ಬಂತು.

"ಅಯ್ಯೋ, ನೀವ್ ಯಾಕ್ ಎದ್ರಿ ಅಮ್ಮ? ಕೂತ್ಕಳಿ ಕೂತ್ಕಳಿ. ನಿಮ್ಮಂಥ ದೊಡ್ಡೋರ್ ಆಶೀರ್ವಾದ ಇದ್ರೆ ಸಾಕು ಕಣಮ್ಮ. ನೀವ್ ಬಂದು ಬಾವುಟ ಬೀಸ್ಬುಡಿ, ನಾವ್ ಓಡ್ತೀವಿ" ಎಂದಿರಿ.

ಎಂಥ ಜಾಣತನ! ಹಿಂದೆಲ್ಲ ಒಬ್ಬರನ್ನು ಹೊರಗಿಡಬೇಕಾದರೆ ಬಾಗಿಲು ಹಾಕುತ್ತಿದ್ದರು, ತಾವು ವೇದಿಕೆ ಹಾಕಿದಿರಿ. ಬಾಗಿಲು ಹಾಕಿದ್ದರೆ ತಟ್ಟಬಹುದಿತ್ತು. ಜರಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟು, ಫೋಟೋಗೆ ನಗಿ ಎಂದರೆ ಯಾರಿಗೆ ದೂರು ಕೊಡುವುದು?

ತರಬೇತಿಯ ಉದ್ಘಾಟನೆಗೆ ಬಂದೆ. ಬಂದು ಕೂತೆ. ತಮ್ಮ ಉದ್ಘಾಟನೆಗಳು ನನಗೆ ಹೊಸವಲ್ಲ. ತಮ್ಮ ನಗೆಕೂಟದ ಉದ್ಘಾಟನೆಯಲ್ಲೂ ಇದ್ದೆ, ಅದು ಮುಚ್ಚಿದ ದಿನ ಮಾತ್ರ ಒಬ್ಬರೂ ನಗಲಿಲ್ಲ. ತಮ್ಮ ಸೈಕಲ್ ಬಳಗದ ಉದ್ಘಾಟನೆಯಲ್ಲೂ ಇದ್ದೆ, ಅದರ ಸೈಕಲ್ಲುಗಳ ಮೇಲೆ ಈಗ ಯಾರ್ಯಾರ ಮನೆಯ ಬಟ್ಟೆ ಒಣಗುತ್ತವೆ ಎಂಬುದು ನನಗೆ ಗೊತ್ತು. ಈ ಸಲದ ಸಮಾರಂಭ ಅವೆರಡನ್ನೂ ಮೀರಿಸಿತು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಓಡುವುದರಿಂದ ಆಗುವ ಲಾಭಗಳನ್ನು ಕುರಿತು ಮೆಟ್ಟಿಲು ಹತ್ತಲಾರದ ಒಬ್ಬ ಗಣ್ಯರ ಭಾಷಣ ಇವೆಲ್ಲ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಓಟವನ್ನು ಮುಂದಿನ ಭಾನುವಾರಕ್ಕೆ ಮುಂದೂಡಲಾಯಿತು. ಉಪ್ಪಿಟ್ಟು ಕೇಸರಿಬಾತನ್ನು ಮುಂದೂಡಲಿಲ್ಲ, ಅದಕ್ಕಾಗಿ ಬಳಗಕ್ಕೆ ಋಣಿ. ರಸಬಾಳೆಗೆ ಹೆಸರಾದ ಊರಿನಲ್ಲಿ ನಿಂತುಕೊಂಡು ಓಟಗಾರರಿಗೆ ಪಚ್ಚಬಾಳೆ ಹಂಚಿದ್ದನ್ನು ಪ್ರತ್ಯೇಕ ಪತ್ರದಲ್ಲಿ ವಿಚಾರಿಸಿಕೊಳ್ಳುತ್ತೇನೆ. ನಾನು ಬಾವುಟ ಬೀಸಿದೆ, ಒಬ್ಬರೂ ಓಡಲಿಲ್ಲ, ಎಲ್ಲರೂ ತಿಂಡಿಯ ಕಡೆ ನಡೆದರು. ಆ ಹಸಿರು ಬಾವುಟ ಇನ್ನೂ ನಮ್ಮ ಮನೆಯಲ್ಲಿದೆ. ಫ್ರಿಜ್ಜಿನ ಮೇಲೆ ಹಾಸಿದ್ದೇನೆ, ಚೆನ್ನಾಗಿ ಕಾಣುತ್ತದೆ.

ಇಷ್ಟಕ್ಕೆ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆಮೇಲೆ ತಾವು ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದಿರಿ. ಕೆಳಗಿನ ಸಾಲಿನಲ್ಲಿ ಓಟಗಾರರು, ನಯನಳೂ ಸೇರಿದಂತೆ, ಒಂದು ಮೊಣಕಾಲು ಎತ್ತಿಕೊಂಡು ನಿಂತಿದ್ದಾರೆ. ಮೇಲೆ, ಮೋಡಗಳ ನಡುವೆ, ಚೆಂಡುಹೂವಿನ ಅಂಚಿರುವ ದುಂಡನೆಯ ಚೌಕಟ್ಟಿನೊಳಗೆ ನಾನೊಬ್ಬಳೇ ಇದ್ದೇನೆ. ಅಡಿಯಲ್ಲಿ "ಆಶೀರ್ವಾದ: ಸಿದ್ದಲಿಂಗಮ್ಮನವರು" ಎಂದಿದೆ.

ಕವಲಂದೆಯಲ್ಲಿರುವ ನನ್ನ ತಂಗಿ ವಿಶಾಲಮ್ಮ ಅಕ್ಕಿ ರೊಟ್ಟಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದವಳು, ಬಸ್ಸು ಇಳಿಯುತ್ತಲೇ ಆ ಫ್ಲೆಕ್ಸ್ ನೋಡಿದಳು. ಅಲ್ಲಿಂದ ನಮ್ಮ ಮನೆಯವರೆಗೂ ಎದೆ ಬಡಿದುಕೊಂಡು ಬಂದಳು. ದಾರಿಯಲ್ಲಿ ಸಿಕ್ಕವರೂ ವಿಷಯ ಗೊತ್ತಿಲ್ಲದೆಯೇ ಜೊತೆಗೂಡಿಕೊಂಡರು. ಗೇಟು ತೆರೆದಾಗ ನಾನು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆ.

"ಅಯ್ಯಯ್ಯೋ ಅಕ್ಕಾ, ಏಳ್ದೆ ಕೇಳ್ದೆ ಓಗ್ಬುಟ್ಯಲ್ಲವ್ವಾ" ಎಂದು ಆರಂಭಿಸಿದವಳು ನನ್ನನ್ನೂ ಲೋಟವನ್ನೂ ನೋಡಿ ಅಲ್ಲೇ ನಿಂತಳು. "ಬದ್ಕಿದ್ದೀಯಾ? ಮತ್ಯಾಕ್ ನಿನ್ನ ಮೇಗಡೆ ಆಕವ್ರೆ?"

ಅದು ಆಶೀರ್ವಾದ, ಮರ್ಯಾದೆಗೆ ಹಾಕಿರುವುದು ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. "ಕೆಳಗಡೆ ಇರೋರು ಬದ್ಕಿರೋರು, ಮೇಗಡೆ ಇರೋರು ಓಗ್ಬುಟ್ಟೋರು. ಫ್ಲೆಕ್ಸ್ ನೋಡಕ್ ನಂಗ್ ಬರಲ್ವಾ?" ಎಂದು ನನ್ನನ್ನೇ ಗದರಿಸಿದಳು. ಅತ್ತದ್ದು ದಂಡವಾಯಿತಲ್ಲ ಎಂಬ ಸಿಟ್ಟಿನಲ್ಲಿ ತಂದಿದ್ದ ರೊಟ್ಟಿಗಳನ್ನು ಜೊತೆಗೆ ಬಂದವರಿಗೇ ಹಂಚಿದಳು. ಮಾನ್ಯರೇ, ಆ ರೊಟ್ಟಿಗಳನ್ನು ಕುರಿತೂ ತಮ್ಮ ಮೇಲೆ ನನ್ನ ದೂರಿದೆ.

ತಾವು ಕೇಳಬಹುದು, ಈ ವಯಸ್ಸಿನಲ್ಲಿ ಓಟದ ಅನುಭವ ನನಗೇನಿದೆ ಎಂದು. ಕೇಳಬೇಕಾದ ಪ್ರಶ್ನೆಯೇ, ಗೇಟಿನ ಹತ್ತಿರವೇ ಕೇಳಬಹುದಿತ್ತು. ನಾನು ಸರ್ವೀಸಿನಲ್ಲಿದ್ದಷ್ಟೂ ಕಾಲ ಪ್ರತಿದಿನ ಬೆಳಿಗ್ಗೆ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುತ್ತಿದ್ದದ್ದು ಒಂದು ಖಾಸಗಿ ಬಸ್ಸಿನಲ್ಲಿ. ಅದರ ಡ್ರೈವರ್ ದೇವಯ್ಯ. ಸ್ಟಾಪಿನಲ್ಲೇ ಬಸ್ಸು ನಿಲ್ಲಿಸಿದರೆ ಜನ ಬಾಗಿಲಿಗೆ ಮುತ್ತಿಕೊಂಡು ಇಳಿಯುವವರಿಗೆ ದಾರಿ ಬಿಡುವುದಿಲ್ಲ ಎಂಬ ಕಾರಣಕ್ಕೆ ದೇವಯ್ಯ ಅದನ್ನು ಯಾವಾಗಲೂ ಸ್ಟಾಪು ದಾಟಿಯೇ ನಿಲ್ಲಿಸುತ್ತಿದ್ದ. ಮೊದಮೊದಲು ಹುಣಸೇಮರದ ಹತ್ತಿರ ನಿಲ್ಲುತ್ತಿತ್ತು. ಜನ ಅಲ್ಲೇ ಹೋಗಿ ಕಾಯತೊಡಗಿದ ಮೇಲೆ ಅಕ್ಕಿ ಗಿರಣಿಯ ಹತ್ತಿರ. ಜನ ಅದನ್ನೂ ಕಂಡುಕೊಂಡ ಮೇಲೆ ಹುಣಸೇಮರಕ್ಕೂ ಗಿರಣಿಗೂ ನಡುವೆ, ಅವನ ಮನಸ್ಸಿಗೆ ಬಂದ ಕಡೆ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಊಟದ ಕ್ಯಾರಿಯರ್ ಇನ್ನೊಂದು ಕೈಯಲ್ಲಿ, ಕೊಡೆ ಕಂಕುಳಲ್ಲಿ. ಹೀಗೆ ಓಡಿ ಕಲಿತವಳು ನಾನು. ಓಡುವಾಗ ದೇವಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಡ್ ಬನ್ನಿ ಮೇಡಮ್ಮಾರೇ, ಓಡ್ ಬನ್ನಿ, ಇನ್ನೇನ್ ಸಿಕ್ತು!" ಎಂದು ಕೂಗುತ್ತಿದ್ದ. ಆ ಬಸ್ಸಿನಲ್ಲಿ ಒಂದು ದಿನವೂ ಯಾರೂ ನನಗೆ ಕೂತ್ಕಳಿ ಎನ್ನಲಿಲ್ಲ. ಸೀಟೇ ಇರುತ್ತಿರಲಿಲ್ಲ.

ನಿವೃತ್ತಿಯಾದ ದಿನದಿಂದ ನನಗೆ ಎಲ್ಲೆಲ್ಲೂ ಕುರ್ಚಿ ಸಿಗುತ್ತಿದೆ. ಮದುವೆಮನೆಯಲ್ಲಿ ನಾನು ಒಳಗೆ ಕಾಲಿಡುವ ಮೊದಲೇ ಪ್ಲಾಸ್ಟಿಕ್ ಕುರ್ಚಿ ನನ್ನ ಹಿಂದೆ ಬಂದು ನಿಂತಿರುತ್ತದೆ. ಬ್ಯಾಂಕಿನಲ್ಲಿ, ದಿನಸಿ ಅಂಗಡಿಯಲ್ಲಿ, ಮೊನ್ನೆ ಎಳನೀರು ಮಾರುವವನ ಗಾಡಿಯ ಹತ್ತಿರವೂ ಕುರ್ಚಿ. ಹೊದಿಸಿದ ಶಾಲುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ತಮ್ಮ ಓಟದ ದಾರಿಯುದ್ದಕ್ಕೂ ಹಾಸಬಹುದು. ಇವರೆಲ್ಲ ಒಳ್ಳೆಯ ಜನ, ತಾವೂ ಒಳ್ಳೆಯವರು, ಅದೇ ನನ್ನ ಕಷ್ಟ. "ಓಡ್ ಬನ್ನಿ" ಎಂದು ನನ್ನನ್ನು ಕರೆದ ಕೊನೆಯ ಮನುಷ್ಯ ದೇವಯ್ಯನೇ ಆಗಿಬಿಡುತ್ತಾನೋ ಎಂಬ ಯೋಚನೆ ಬಂದಾಗ ಕೂತ ಕುರ್ಚಿ ಚುಚ್ಚುತ್ತದೆ.

ಇಷ್ಟಾಗಿ, ತಮ್ಮ ತರಬೇತಿಗೆ ಸೇರಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸಿಲ್ಲ. ಬರುವ ಭಾನುವಾರ ಹೆಸರು ಬರೆಸಲು ಕೊನೆಯ ದಿನವೆಂದು ಗೊತ್ತಿದ್ದೂ ತೀರ್ಮಾನಿಸಿಲ್ಲ. ಯಾಕೆಂದರೆ ಸೇರದಿರಲು ಗಟ್ಟಿಯಾದ ಕಾರಣಗಳಿವೆ. ಬಲಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತಾಡುತ್ತದೆ. ಅದನ್ನು ಡಾಕ್ಟರಿಗೆ ತೋರಿಸಿದೆ. ಎದೆ, ಬಿಪಿ, ಮಂಡಿ ಎಲ್ಲ ನೋಡಿ, "ಈಗ ಯಾವ್ ಬಸ್ಸಿಡೀಬೇಕು ಮೇಡಂ? ಮೆಲ್ಲಗ್ ಶುರು ಮಾಡಿ, ನೋವಾದ್ರೆ ನಿಲ್ಸಿ" ಎಂದು ನಕ್ಕು ಕಳಿಸಿದರು. ಇನ್ನು ನಮ್ಮ ಯಜಮಾನರ ಅಭಿಪ್ರಾಯ ಬೇರೆ. "ಕುರ್ಚಿ ಕೊಟ್ರೆ ಕೂತ್ಕೋಬೇಕಪ್ಪ, ಎಷ್ಟ್ ಜನಕ್ ಸಿಗ್ತದೆ?" ಎನ್ನುತ್ತಾರೆ. ಅವರು ಅದನ್ನು ಹೇಳುವುದೂ ಕೂತುಕೊಂಡೇ. ನಯನ ಮಾತ್ರ, "ಬನ್ನಿ ಅತ್ತೆ, ಆ ಗಂಡಸ್ರು ದಾರಿ ಉದ್ದಕ್ಕೂ ಸೈಟಿನ್ ರೇಟೇ ಮಾತಾಡ್ತಾರೆ, ನಂಗೊಬ್ಳಿಗೆ ಬೋರು" ಎಂದು ವಾರದಿಂದ ಹಿಂದೆ ಬಿದ್ದಿದ್ದಾಳೆ.

ತಮ್ಮ ದಾರಿಯನ್ನು ಕುರಿತೂ ಒಂದು ಮಾತು. ನಂಜನಗೂಡಿನಿಂದ ನರಸೀಪುರಕ್ಕೆ ಇರುವ ದೂರ ಪೂರ್ತಿ ಮ್ಯಾರಥಾನಿಗೆ ಸಾಲದೆಂದು ಓಟಗಾರರನ್ನು ಸುತ್ತಲಿನ ಊರುಗಳಿಗೆಲ್ಲ ಹಾಯಿಸಿಕೊಂಡು ಹೋಗುತ್ತೀರಂತೆ. ಹತ್ತಿರದಲ್ಲೇ ಮುಗಿಯುವುದನ್ನು ಸುತ್ತಿಸಿ ಸುತ್ತಿಸಿ ದೂರ ಮಾಡುವ ವಿದ್ಯೆ ಕಚೇರಿಗಳಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಕಪಿಲೆಯೂ ಇಲ್ಲಿಂದ ಅಲ್ಲಿಗೇ ಹೋಗುತ್ತಾಳೆ, ಬೇಕಾದಷ್ಟು ಸುತ್ತಿಕೊಂಡೇ ಹೋಗುತ್ತಾಳೆ, ಆದರೆ ಅವಳಿಗೆ ಯಾರೂ ಟೀ ಶರ್ಟು ಕೊಟ್ಟಿಲ್ಲ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿರುವುದು ಮೊಣಕಾಲೂ ಅಲ್ಲ, ದೂರವೂ ಅಲ್ಲ. ತಮ್ಮದು ಗುಂಪಿನ ಓಟ. ನಾನು ಗುಂಪಿನಲ್ಲೇ ಓಡಿದವಳಾದರೂ, ನಮ್ಮ ಗುಂಪಿನಲ್ಲಿ ಪಕ್ಕದಲ್ಲಿ ಓಡುವವರು ಸೀಟಿಗೆ ವೈರಿಗಳು. ಅವರ ಬ್ಯಾಗು ಬಿದ್ದರೆ ನಾವು ನಿಲ್ಲುತ್ತಿರಲಿಲ್ಲ, ನಮ್ಮ ಚಪ್ಪಲಿ ಕಿತ್ತರೆ ಅವರು ನಿಲ್ಲುತ್ತಿರಲಿಲ್ಲ, ಹತ್ತಿದ ಮೇಲೆ ಎಲ್ಲರೂ ಕಂಬಿ ಹಿಡಿದುಕೊಂಡು ಮನೆಯ ಸಮಾಚಾರ ವಿಚಾರಿಸುತ್ತಿದ್ದೆವು. ತಮ್ಮ ಬಳಗದಲ್ಲಿ ಹಿಂದೆ ಬಿದ್ದವರಿಗಾಗಿ ಮುಂದಿನವರು ಕಾಯುತ್ತಾರೆ, ತಮ್ಮ ಬಾಟಲಿಯ ನೀರನ್ನು ಕೊಡುತ್ತಾರೆ ಎಂದು ನಯನ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಹೆದರಿಕೆಯಾಯಿತು. ನನಗಾಗಿ ಇಡೀ ಗುಂಪು ಕಾಯುವುದನ್ನು ನಾನು ತಡೆದುಕೊಳ್ಳಬಲ್ಲೆನೇ? ಅದಕ್ಕಿಂತ ಹೆಚ್ಚಾಗಿ, ಬೇರೆಯವರಿಗಾಗಿ ಕಾಯುವ ಬುದ್ಧಿ ಈ ಕಾಲುಗಳಿಗೆ ಈಗ ಬಂದೀತೇ? ಕಲಿಯಬೇಕು ಎನ್ನಿಸುತ್ತದೆ. ಕಲಿಯಬೇಕಾದರೆ ಸೇರಬೇಕು. ಸೇರಬೇಕಾದರೆ ಕರೆಯಬೇಕು.

ನಮ್ಮ ಕಡೆಯ ರೀತಿ ತಮಗೆ ನಾನು ಹೇಳಬೇಕಾಗಿಲ್ಲ. ಮದುವೆಯಾಗಲಿ, ಬೀಗರೂಟವಾಗಲಿ, ಬಾಗಿಲಿಗೆ ಬಂದು ಬಾಯಿ ಬಿಟ್ಟು "ಬನ್ನಿ" ಎಂದಿದ್ದರೆ ಮಾತ್ರ ಎಲೆಯ ಮುಂದೆ ಹೋಗುತ್ತೇವೆ. ಬಂದು ಆಶೀರ್ವಾದ ಮಾಡಿ ಎಂದ ಮನೆಯಲ್ಲಿ ಅಕ್ಷತೆ ಹಾಕಿ ಬರಬಹುದೇ ಹೊರತು ಪಂಕ್ತಿಯಲ್ಲಿ ಕೂರುವ ಹಾಗಿಲ್ಲ. ದೊಡ್ಡ ಓಟದ ದಿನ ಬಾವುಟ ಬೀಸಲು ಮತ್ತೆ ನನ್ನನ್ನೇ ಕರೆಯುವುದೆಂದು ತಾವು ತೀರ್ಮಾನಿಸಿರುವ ಸುದ್ದಿ ಬಂದಿದೆ. ಅದಕ್ಕೆ ಒಪ್ಪಬೇಕಾದರೆ ನನ್ನ ಕೆಲವು ಸಣ್ಣ ಬೇಡಿಕೆಗಳನ್ನು ಈಡೇರಿಸಬೇಕು. ಭಾಷಣಗಳು ಮುಗಿಯುವ ತನಕ ಮೂಡಬಾರದೆಂದು ಸೂರ್ಯನಿಗೆ ಬಳಗದ ಲೆಟರ್‌ಹೆಡ್ಡಿನಲ್ಲಿ ಮನವಿ ಸಲ್ಲಿಸಬೇಕು. ಭಾಷಣ ಮಾಡುವ ಗಣ್ಯರು ಅದನ್ನು ಓಡುತ್ತಲೇ ಮಾಡಬೇಕು. ದೇವಯ್ಯನನ್ನು ಮುಖ್ಯ ತರಬೇತುದಾರನಾಗಿ ನೇಮಿಸಿ, ಕೊನೆಯ ಗೆರೆಯನ್ನು ಅವನ ಬಸ್ಸಿನ ಹಿಂಬದಿಗೆ ಕಟ್ಟಿ, ಓಟಗಾರರು ಹತ್ತಿರ ಬಂದಂತೆಲ್ಲ ಗಾಡಿ ಮುಂದಕ್ಕೆ ಬಿಡಬೇಕು. ಫ್ಲೆಕ್ಸಿನಲ್ಲಿ ನನ್ನನ್ನು ಮೋಡಗಳಿಂದ ಇಳಿಸಬೇಕು. ಇವೆಲ್ಲ ಕಷ್ಟವೆನಿಸಿದರೆ, ಇವುಗಳ ಬದಲು ಸುಲಭವಾದದ್ದೊಂದಿದೆ. ನಮ್ಮ ಗೇಟಿಗೆ ಇನ್ನೊಂದು ಸಲ ಬಂದು, ಅಂದು ಹೇಳಬೇಕಾಗಿದ್ದನ್ನು ಹೇಳುವುದು.

ತಾವು ದಯಪಾಲಿಸಿದ ಗೌರವಗಳಿಂದ ಬೆನ್ನು ನೋವಾಗಿ, ಇಷ್ಟನ್ನೂ ನಿಂತೇ ಬರೆದ

ತಮ್ಮ ವಿಶ್ವಾಸಿ,
ಸಿದ್ದಲಿಂಗಮ್ಮ
(ಸದ್ಯಕ್ಕೆ ಮೋಡಗಳ ನಡುವೆ, ಬಸ್‌ಸ್ಟ್ಯಾಂಡಿನ ಎದುರು)

ತಾ.ಕ.: ಕಳೆದ ಭಾನುವಾರ ಬೆಳಗಿನ ಮಂಜಿನಲ್ಲಿ, ಹಸಿರು ಸ್ವೆಟರು ಮಂಕಿ ಟೋಪಿ ಹಾಕಿದ ಯಾರೋ ಒಬ್ಬರು ಸೇತುವೆಯ ಹತ್ತಿರ ತಮ್ಮ ಬಳಗವನ್ನೆಲ್ಲ ದಾಟಿ ಹೋದರೆಂದೂ, ಅವರು ಯಾರೇ ಆಗಿರಲಿ ದಯವಿಟ್ಟು ಬಂದು ಸೇರಬೇಕೆಂದೂ, ಅಂಥವರು ಬಳಗಕ್ಕೆ ಬೇಕೇ ಬೇಕೆಂದೂ ತಾವು ವಾಟ್ಸಾಪಿನಲ್ಲಿ ಹಾಕಿರುವುದನ್ನು ನಯನ ತೋರಿಸಿದಳು. ಸ್ವೆಟರೂ ಟೋಪಿಯೂ ನಮ್ಮ ಯಜಮಾನರವು, ಪ್ಯಾಂಟೂ ಹಳೆಯ ಶೂಗಳೂ ನಯನಳವು, ಕಾಲುಗಳು ನನ್ನವು. ಅವಳು ಲೇಸು ಕಟ್ಟುವ ನೆಪದಲ್ಲಿ ಹಿಂದೆ ಉಳಿದದ್ದು ನಗು ತಡೆಯಲಾರದೆ. ತಾವು ಆಗ ಸೇತುವೆಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಿರಿ. ಕೂತಲ್ಲಿಂದಲೇ ಕೈಯೆತ್ತಿ, "ಸೂಪರ್ ಸಾ! ನಿಲ್ಬ್ಯಾಡಿ, ಓಡಿ ಸಾ, ಓಡಿ!" ಎಂದು ಕೂಗಿದಿರಿ. ಆ ಕೂಗಿಗೆ ನನ್ನ ಮೊಣಕಾಲು ಕೂಡ ಮಾತು ನಿಲ್ಲಿಸಿತು. ಮಂಜಿನಲ್ಲಿ "ಓಡಿ" ಎಂದವರು ಬೆಳಕಿನಲ್ಲಿ "ಕೂತ್ಕಳಿ" ಎಂದದ್ದು ಏಕೆ? ಬರುವ ಭಾನುವಾರ, ಹೆಸರು ಬರೆದುಕೊಳ್ಳುವ ಮೊದಲು, ಉದ್ಘಾಟನೆಯ ಭಾಷಣಗಳಿಗೆ ತರಿಸಿದ್ದ ಅದೇ ಮೈಕಿನಲ್ಲಿ, ಊರೆಲ್ಲ ಕೇಳುವ ಹಾಗೆ ಉತ್ತರ ಹೇಳಬೇಕು. ನಾನು ಅಲ್ಲೇ ಇರುತ್ತೇನೆ. ಕುರ್ಚಿ ಹಾಕಿಸಬೇಡಿ.